ಬಾಸ್ ಸಿಇ-2 ಕೋರಸ್ ಪೆಡಲ್‌ಗೆ 24 ವೋಲ್ಟ್ ಹೊಡ್ದಿದೆ, ಚಿಪ್ ಹೋಗಿದ್ಯಾ? ಉಳಿಸ್ಕೋಬಹುದಾ?

ಸ್ಟ್ರ್ಯಾಟ್_ಶಿವಮೊಗ್ಗ

ಎಲ್ರಿಗೂ ನಮಸ್ಕಾರ. ನಮ್ ಸೋದರಮಾವಂದು ಒಂದು ಬಾಸ್ ಕಂಪನಿಯ ಸಿಇ-2 ಇದೆ, ಗಿಟಾರ್ ಸೌಂಡಿಗೆ ಅದರದೇ ಸ್ವಲ್ಪ ತಡವಾದ, ಅಲೆಯಾಡೋ ನಕಲು ಸೇರಿಸೋ ಕೋರಸ್ ಪೆಡಲ್, ಕೆಳಗೆ ಮೇಡ್ ಇನ್ ಜಪಾನ್ ಲೇಬಲ್ ಇರೋ ಹಳೇದು. ಮಾವ ಎಂಬತ್ತರ ದಶಕದಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಿದ್ರು, ಆಗ ದುಬೈಯಲ್ಲಿದ್ದ ಫ್ರೆಂಡ್ ಒಬ್ರು ತಂದ್ಕೊಟ್ಟಿದ್ದಂತೆ. ಈಗ ನನ್ ಹತ್ರ ಇದೆ. ಮೊನ್ನೆ ಪ್ರೋಗ್ರಾಮ್‌ನಲ್ಲಿ ಕತ್ತಲಲ್ಲಿ ಸ್ಟೇಜ್ ಹುಡುಗ ಒಬ್ಬ ಬೇರೆ ಯಾವ್ದೋ ಪೆಡಲ್‌ದು 24 ವೋಲ್ಟ್ ಅಡಾಪ್ಟರ್ ಇದಕ್ಕೆ ಚುಚ್ಚಿಬಿಟ್ಟಿದಾನೆ, ನಡುವಿನ ಪಿನ್ ಮೈನಸ್ಸೇ ಆದ್ರಿಂದ ಪೊಲಾರಿಟಿ ಸರಿನೇ ಇತ್ತು, ವೋಲ್ಟೇಜ್ ಮಾತ್ರ ಜಾಸ್ತಿ. ಒಂದ್ಸಲ ಚಟ್ ಅಂತ ಸದ್ದು ಬಂತು, ಆಮೇಲೆ ಸುಟ್ಟ ವಾಸ್ನೆ.

ಈಗ ಹೊಸ ಬ್ಯಾಟರಿ ಹಾಕಿದ್ರೆ ಲೈಟ್ ಬರತ್ತೆ, ಗಿಟಾರ್ ಸೌಂಡ್ ಪಾಸ್ ಆಗತ್ತೆ, ಆದ್ರೆ ಕೋರಸ್ ಒಂಚೂರೂ ಇಲ್ಲ. ಬರೀ ಡ್ರೈ ಸೌಂಡ್. ಒಳಗೆ ಒಂದು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ತಲೆ ಉಬ್ಬಿ ಒಡ್ದಿದೆ, ಅದರ ಮೇಲೆ 16 ವೋಲ್ಟ್ ಅಂತ ಬರ್ದಿದೆ. ಚಿಪ್‌ಗಳು ನೋಡೋಕೆ ಚೆನ್ನಾಗೇ ಇವೆ. ಎಂಎನ್3007, ಎಂಎನ್3101, ಇನ್ನೊಂದು ಟಿಎಲ್022. ಇಲ್ಲಿ ರಿಪೇರಿ ಅಂಗಡಿಯವರೊಬ್ರು ಎಲ್ಲಾ ಚಿಪ್ ಬದಲಾಯಿಸ್ಬೇಕು, ಸಿಗಲ್ಲ, ಶೋಕೇಸಲ್ಲಿಡಿ ಅಂದ್ರು. ನಂಗೆ ಶೋಕೇಸಲ್ಲಿಡೋಕೆ ಮನಸ್ಸಿಲ್ಲ. ಸೋಲ್ಡರಿಂಗ್ ಬರತ್ತೆ, ಮಲ್ಟಿಮೀಟರ್ ಇದೆ, ಆಸಿಲೋಸ್ಕೋಪ್ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಎಸ್ಪಿರೋಡ್_ಸುತ್ತಾಟ

ಗುರು, ಮೊದ್ಲು ಆ ಒಡೆದಿರೋ ಕ್ಯಾಪ್ ಕಿತ್ ಹಾಕು, ಅದೇ ಮೈಕ್ರೋಫ್ಯಾರಡ್ ಇರೋ 25 ಅಥವಾ 35 ವೋಲ್ಟ್‌ದು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಯಾವ್ ಅಂಗಡಿಲಾದ್ರೂ ಚಿಲ್ಲರೆ ಕಾಸಿಗೆ ಸಿಗತ್ತೆ. ಟಿಎಲ್022 ಕೂಡ ಹುಡುಕಿದ್ರೆ ಸಿಗ್ಬಹುದು. ಆದ್ರೆ ಎಂಎನ್ ಸೀರೀಸ್ ಚಿಪ್ ಮಾತ್ರ ಅಲ್ಲಿ ಕೇಳ್ಬೇಡ, ಯಾರಾದ್ರೂ ಇದೆ ಅಂದ್ರೂ ತಗೋಬೇಡ. ಅದು ಮತ್ಸುಶಿತಾ ಅಂದ್ರೆ ಪ್ಯಾನಾಸೋನಿಕ್ ಕಂಪನಿ ಮಾಡ್ತಿದ್ದ ಚಿಪ್, ನಿಲ್ಸಿ ಎಷ್ಟೋ ವರ್ಷ ಆಯ್ತು. ಆನ್‌ಲೈನಲ್ಲಿ ಎಂಎನ್3007 ಅಂತ ಬರೋದ್ರಲ್ಲಿ ಬೇರೆ ಯಾವ್ದೋ ಎಂಟು ಪಿನ್ ಚಿಪ್‌ನ ತಲೆ ಉಜ್ಜಿ ಹೊಸ ಹೆಸ್ರು ಪ್ರಿಂಟ್ ಮಾಡಿರೋದು ಸಿಕ್ಕಾಪಟ್ಟೆ. ನನ್ ಫ್ರೆಂಡ್‌ಗೆ ಬಂದಿದ್ದಕ್ಕೆ ಅಸಿಟೋನ್ ಹಚ್ಚಿ ಒರೆಸಿದ್ರೆ ಅಕ್ಷರ ಎಲ್ಲಾ ಬಟ್ಟೆಗೆ ಬಂತು.

ಹಳೇರೇಡಿಯೊ_ಹುಬ್ಬಳ್ಳಿ

ತಮ್ಮಾ, ಚಿಪ್ ತರಿಸೂದು ಆಮ್ಯಾಲೆ. ಮೊದ್ಲು ಯಾವುದು ಸತ್ತೈತಿ ಅಂತ ಪಕ್ಕಾ ಮಾಡ್ಕೋರಿ. ಎಲ್ಲಾ ಚಿಪ್ ಬದಲಿ ಮಾಡ್ಬೇಕು ಅಂತ ಹೇಳೂದು ರಿಪೇರಿ ಅಲ್ಲ. ನಲವತ್ತು ವರ್ಷದ ಬೋರ್ಡ್ ಅದು, ತಾಮ್ರದ ಟ್ರ್ಯಾಕ್ ಬಿಸಿ ತಗಲಿದ್ರ ಎದ್ದು ಬರ್ತೈತಿ, ಸುಮ್‌ಸುಮ್ನ ಮೂರು ಚಿಪ್ ಕಿತ್ತು ಹಾಕಿದ್ರ ಇದ್ದದ್ದೂ ಹೋಗ್ತೈತಿ.

24 ವೋಲ್ಟ್ ಒಳಗ ಹೋದಾಗ ಏನಾಗಿರ್ತೈತಿ ಅಂತ ಲೆಕ್ಕ ಹಾಕೋಣ. ಟಿಎಲ್022 ಆಪ್‌ಆಂಪ್ ಪ್ಲಸ್ ಮೈನಸ್ 18 ವೋಲ್ಟ್ ತಡೀತೈತಿ, ಅಂದ್ರ ಒಟ್ಟು 36. ಅದಕ್ಕ 24 ವೋಲ್ಟ್ ಏನೂ ಅಲ್ಲ, ಬದುಕಿರೂ ಸಾಧ್ಯತೆನೇ ಹೆಚ್ಚು. ಎಂಎನ್3007, ಎಂಎನ್3101 ಹಂಗಲ್ಲ. ಅವು ಮಾಸ್ (ಎಂಒಎಸ್) ಚಿಪ್, ಅವುಗಳ ಗರಿಷ್ಠ ಮಿತಿ 18 ವೋಲ್ಟ್. ಅದಕ್ಕಿಂತ ಮ್ಯಾಲೆ ಹೋದ್ರ ಒಳಗಿನ ಗೇಟಿನ ತೆಳು ಆಕ್ಸೈಡ್ ಪದರು ತೂತು ಬೀಳ್ತೈತಿ, ಹೊರಗ ಏನೂ ಕಾಣಂಗಿಲ್ಲ, ಹೊಗಿನೂ ಬರಂಗಿಲ್ಲ. ನಿಮಗ ಬಂದ ವಾಸ್ನಿ ಆ ಕೆಪ್ಯಾಸಿಟರಿಂದು. ಆದ್ರ ಎರಡೂ ಸತ್ತಿರಬೇಕು ಅಂತೇನಿಲ್ಲ, ಒಂದು ಹೋಗಿ ಇನ್ನೊಂದು ಉಳ್ಕೊಂಡಿದ್ದು ನಾನು ನೋಡೀನಿ.

ಒಡೆದ ಕೆಪ್ಯಾಸಿಟರ್ ಬದಲಿಸಿ, ಬ್ಯಾಟರಿ ಮ್ಯಾಲೆ ಇಟ್ಟು, ಮೀಟರಿನ ಕಪ್ಪು ವೈರ್ ಗ್ರೌಂಡಿಗೆ ಹಿಡಿದು ಮೂರೂ ಚಿಪ್ಪಿನ ಒಂದೊಂದ್ ಪಿನ್ನಿನ ವೋಲ್ಟೇಜ್ ಬರ್ದು ಹಾಕ್ರಿ. ಮೀಟರಿನ ಮುಳ್ಳು ಜಾರಿ ಎರಡು ಪಿನ್ ಒಂದಾಗಬಾರ್ದು, ಅದೊಂದು ಹುಷಾರ್.

ಮಂಗಳೂರು_ಬೇಸ್

ನನಗೊಂದು ಡೌಟ್ ಉಂಟು. ಇದು ಏಸಿಎ ಅಂತ ಹೇಳುವ ಹಳೇ ಅಡಾಪ್ಟರಿನ ಪೆಡಲ್ ಅಲ್ವಾ? ಹಳೇ ಬಾಸ್ ಪೆಡಲಿಗೆ 12 ವೋಲ್ಟಿನ ರೆಗ್ಯುಲೇಟ್ ಇಲ್ಲದ ಅಡಾಪ್ಟರ್ ಬರ್ತಿತ್ತು, ಅದನ್ನು ಇಳಿಸ್ಲಿಕ್ಕೆ ಅಂತಲೇ ಒಳಗೆ ರೆಸಿಸ್ಟರ್ ಇರ್ತದೆ. ಹಾಗಿರುವಾಗ 24 ವೋಲ್ಟ್ ಪೂರ್ತಿ ಚಿಪ್ಪಿಗೆ ಹೋದದ್ದು ಹೇಗೆ ಮಾರಾಯ್ರೆ?

ಹಳೇರೇಡಿಯೊ_ಹುಬ್ಬಳ್ಳಿ

ಬರೋಬ್ಬರಿ ಕೇಳಿದ್ರಿ. ತಮ್ಮಾ, ಅಡಾಪ್ಟರ್ ಜ್ಯಾಕಿನ ಹತ್ರದ ಫೋಟೋ ಹಾಕ್ರಿ.

ಸ್ಟ್ರ್ಯಾಟ್_ಶಿವಮೊಗ್ಗ

ಫೋಟೋ ಹಾಕಿದೀನಿ ಸರ್. ಸೋಲ್ಡರ್ ಕಡೆ ಆ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಸಣ್ಣ ವೈರ್ ತುಂಡು ಹಾಕಿದಾರೆ, ಅದಕ್ಕೇ 24 ವೋಲ್ಟ್ ನೇರ ಒಳಗೆ ಹೋಗಿದೆ. ಮಾವಂಗೆ ಫೋನ್ ಮಾಡಿ ಕೇಳ್ದೆ, ತುಂಬಾ ಹಿಂದೆ ಲೈಟ್ ಮಂಕಾಗಿ ಬರ್ತಿತ್ತು ಅಂತ ಯಾರೋ ಸರಿ ಮಾಡ್ಕೊಟ್ಟಿದ್ರಂತೆ.

ರೀಡಿಂಗ್‌ಗಳು ಇಲ್ಲಿವೆ, ಬ್ಯಾಟರಿ 9.1 ಇದೆ.

ಟಿಎಲ್022: ಪಿನ್ 8ರಲ್ಲಿ 8.9, ಪಿನ್ 4 ಸೊನ್ನೆ. ಪಿನ್ 1 ಮತ್ತೆ 7 ಎರಡೂ ನಿಲ್ತಾ ಇಲ್ಲ, ಅಂಕಿ ಓಡ್ತಾನೇ ಇದೆ. ರೇಟ್ ನಾಬ್ ಪೂರ್ತಿ ಕಮ್ಮಿ ಮಾಡಿದ್ರೆ ಒಂದು ಟಕ್ ಅಂತ ಮೇಲೆ ಹೋಗಿ ಟಕ್ ಅಂತ ಕೆಳಗೆ ಬರತ್ತೆ, ಇನ್ನೊಂದು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯತ್ತೆ.

ಎಂಎನ್3101: ಪಿನ್ 1ರಲ್ಲಿ 8.9, ಪಿನ್ 3 ಸೊನ್ನೆ. ಪಿನ್ 2ರಲ್ಲಿ 8.9, ಪಿನ್ 4ರಲ್ಲಿ ಸೊನ್ನೆ, ಎರಡೂ ಅಲ್ಲಾಡ್ತಾ ಇಲ್ಲ. ಪಿನ್ 8ರಲ್ಲಿ ಸೊನ್ನೆ.

ಎಂಎನ್3007: ಪಿನ್ 1ರಲ್ಲಿ 8.9, ಪಿನ್ 5 ಸೊನ್ನೆ. ಪಿನ್ 3ರಲ್ಲಿ 4.6. ಪಿನ್ 4 ಸೊನ್ನೆ. ಇದ್ರಲ್ಲಿ ಗ್ರೌಂಡ್ ಅಂತ ಡೇಟಾಶೀಟಲ್ಲಿ ಹಾಕಿರೋ ಪಿನ್ 1ಕ್ಕೆ ಪ್ಲಸ್ 9 ಬರ್ತಿದೆ, ಇದು ಉಲ್ಟಾ ಆಗಿದ್ಯಾ?

ಹಳೇರೇಡಿಯೊ_ಹುಬ್ಬಳ್ಳಿ

ಉಲ್ಟಾ ಆಗಿಲ್ಲ, ಹಂಗ ಇರ್ಬೇಕು. ಎಂಎನ್3007 ಪಿ ಚಾನೆಲ್ ಚಿಪ್, ಅದಕ್ಕ ಮೈನಸ್ ಸಪ್ಲೈ ಬೇಕು. ಪೆಡಲ್ ಒಳಗ ಇರೂದು ಪ್ಲಸ್ 9 ಒಂದ. ಹಂಗಾಗಿ ಚಿಪ್ಪಿನ ಗ್ರೌಂಡ್ ಪಿನ್ನನ್ನ ಪ್ಲಸ್‌ಗೆ ಕಟ್ಟಿ, ಅದರ ವಿಡಿಡಿ ಅಂದ್ರ ಸಪ್ಲೈ ಪಿನ್ನನ್ನ ಪೆಡಲಿನ ಗ್ರೌಂಡಿಗೆ ಕಟ್ಟ್ಯಾರ. ಚಿಪ್ ಕಡಿಂದ ನೋಡಿದ್ರ ಅದಕ್ಕ ಮೈನಸ್ 9 ಸಿಕ್ಕಂಗ ಆತು.

ಈಗ ನಿಮ್ಮ ರೀಡಿಂಗ್ ನೋಡ್ರಿ, ಎಷ್ಟು ಚಂದ ಹೇಳಾಕತ್ತಾವ. ಟಿಎಲ್022 ಜೀವಂತ ಐತಿ, ಎಲ್‌ಎಫ್‌ಓ, ಅಂದ್ರ ಕೋರಸ್ ಅಲೆ ಎಬ್ಬಿಸೂ ನಿಧಾನ ಸಿಗ್ನಲ್, ಓಡಾಕತ್ತೈತಿ. ಎಂಎನ್3101 ಅಂದ್ರ ಕ್ಲಾಕ್ ಕೊಡೂ ಚಿಪ್, ಅದರ ಪಿನ್ 2 ಮತ್ತ 4ರಾಗ ಒಂದಕ್ಕೊಂದು ಉಲ್ಟಾ ಇರೂ ಎರಡು ಕ್ಲಾಕ್ ಬರ್ಬೇಕು. ಕ್ಲಾಕ್ ಓಡ್ತಿದ್ರ ಮಲ್ಟಿಮೀಟರ್ ಸರಾಸರಿ ತೋರಸ್ತೈತಿ, ಎರಡೂ ಕಡೆ ನಾಲ್ಕೂವರಿ ವೋಲ್ಟಿನ ಆಸುಪಾಸು. ನಿಮ್ಮಲ್ಲಿ ಒಂದು ಮ್ಯಾಲ ಅಂಟೈತಿ, ಇನ್ನೊಂದು ಕೆಳಗ ಅಂಟೈತಿ. ಕ್ಲಾಕ್ ನಿಂತೈತಿ. ಪಿನ್ 8 ವಿಜಿಜಿ ಅಂತ 3007ಕ್ಕ ಬೇಕಾದ ಇನ್ನೊಂದು ವೋಲ್ಟೇಜ್ ಕೊಡೂ ಪಿನ್, ಅದು ಸಪ್ಲೈದ ಹದಿನೈದರಾಗ ಒಂದು ಭಾಗ, ಅಂದ್ರ ಗ್ರೌಂಡಿನಿಂದ 0.6 ವೋಲ್ಟ್ ಇರ್ಬೇಕು. ಅದೂ ಸೊನ್ನೆ. ಎಂಎನ್3101 ಹೋಗೈತಿ ಅಂತ ನನ್ನ ಅನುಮಾನ, ಸುತ್ತಲಿನ ಸಣ್ಣ ಕೆಪ್ಯಾಸಿಟರ್ ರೆಸಿಸ್ಟರ್ ಒಂದ್ಸಲ ನೋಡ್ಕೋರಿ.

ಎಂಎನ್3007 ಬಗ್ಗೆ ಈಗ್ಲೇ ಏನೂ ಹೇಳಾಕ ಬರಂಗಿಲ್ಲ. ಕ್ಲಾಕ್ ಇಲ್ದ ಅದು ಕೆಲಸ ಮಾಡೂದ ಇಲ್ಲ. ಬಕೆಟ್ ಬ್ರಿಗೇಡ್ ಅಂತ ಅದಕ್ಕ ಹೆಸರು ಬಂದದ್ದ ಆ ಕಾರಣಕ್ಕ, ಬೆಂಕಿ ಆರಿಸಾಕ ಸಾಲಾಗಿ ನಿಂತ ಮಂದಿ ಕೈಯಿಂದ ಕೈಗೆ ಕೊಡ ದಾಟಿಸಿದಂಗ 1024 ಮನಿ ದಾಟಿ ಚಾರ್ಜ್ ಹೋಗ್ಬೇಕು, ದಾಟ್ರಿ ಅಂತ ಹೇಳಾವನ ಕ್ಲಾಕ್. 1969ರಾಗ ಫಿಲಿಪ್ಸ್ ಕಂಪನಿ ಲ್ಯಾಬಿನ ಸ್ಯಾಂಗ್‌ಸ್ಟರ್, ಟೀರ್ ಅನ್ನೋ ಇಬ್ರು ಮಾಡಿದ್ದು ಇದನ್ನ. ಕಂಪ್ಯೂಟರ್ ಇಲ್ದನ ಸೌಂಡನ್ನ ತಡ ಮಾಡಿ ಬಿಡೂದು ಅಂದ್ರ ಸಣ್ಣ ಮಾತಲ್ಲ, ನನಗಂತೂ ಇವತ್ತಿಗೂ ಈ ಚಿಪ್ ಅಂದ್ರ ಭಾಳ ಗೌರವ.

ರಿವರ್ಬ್_ರಾಯಚೂರು

ನನ್ನ ಹತ್ರ ಸತ್ತ ಬಾಸ್ ಬಿಎಫ್-2 ಫ್ಲ್ಯಾಂಜರ್ ಪೆಡಲ್ ಒಂದದ, ನೀರು ಹೊಕ್ಕು ಬೋರ್ಡ್ ಹೋಗೇದ, ಚಿಪ್ ಚಲೋ ಅವ. ಎಂಎನ್3207 ಮತ್ತ ಎಂಎನ್3102. ಕೊರಿಯರ್ ಮಾಡ್ತೀನಿ ಬೇಕಾದ್ರ, ರೊಕ್ಕ ಏನೂ ಬ್ಯಾಡ. ನಂಬರ್ ಒಂದೀಟು ಬ್ಯಾರೆ ಅದ ಅಷ್ಟ, ಅದೂ 1024 ಸ್ಟೇಜ್ ಚಿಪ್ಪ.

ಹಳೇರೇಡಿಯೊ_ಹುಬ್ಬಳ್ಳಿ

ನಿಮ್ಮ ಮನಸ್ಸು ದೊಡ್ಡದು, ಆದ್ರ ಅದನ್ನ ಇದಕ್ಕ ಹಾಕಬ್ಯಾಡ್ರಿ. 3207 ಎನ್ ಚಾನೆಲ್ ಚಿಪ್, ಅದಕ್ಕ ಪ್ಲಸ್ ಸಪ್ಲೈ ಬೇಕು. ಕಾಲುಗಳ ಹೆಸರು 3007ದ್ದಂಗ ಇದ್ದಾವ, ಅದಕ್ಕ ಮಂದಿ ಮೋಸ ಹೋಗ್ತಾರ. ಸಿಇ-2 ಬೋರ್ಡಿನಾಗ ಪಿನ್ 1ಕ್ಕ ಪ್ಲಸ್ ಬರ್ತೈತಿ ಅಂತ ಈಗಷ್ಟೇ ನೋಡಿದ್ವಿ, 3207 ಅಲ್ಲಿ ಕುಂತ್ರ ಅದಕ್ಕ ಸಪ್ಲೈ ತಿರುವುಮುರುವು ಆಗಿ ಹೋಗ್ಬಿಡ್ತೈತಿ. 3102ದ್ದೂ ಹಂಗ, 3101ರಾಗ ಪಿನ್ 1 ಗ್ರೌಂಡ್, ಪಿನ್ 3 ವಿಡಿಡಿ, 3102ರಾಗ ಅವೆರಡೂ ಅದಲು ಬದಲು. 3007ಕ್ಕ ಜೋಡಿ 3101, 3207ಕ್ಕ ಜೋಡಿ 3102. ಈ ಜೋಡಿ ಒಡೀಬಾರ್ದು. ನಿಮ್ಮ ಚಿಪ್ ಜ್ವಾಪಾನ ಇಡ್ರಿ, ಯಾರದರೆ ಬಿಎಫ್-2 ಕೆಟ್ಟಾಗ ಬಂಗಾರ ಆಗ್ತಾವ.

ಎಸ್ಪಿರೋಡ್_ಸುತ್ತಾಟ

ಇದು ಒಳ್ಳೇ ಮಾಹಿತಿ ಸರ್. ಹೊಸದಾಗಿ ಬರ್ತಿರೋ ಕೂಲ್‌ಆಡಿಯೊ ವಿ3207, ವಿ3102, ಬೆಲ್ಲಿಂಗ್ ಬಿಎಲ್3207 ಎಲ್ಲಾ ಈ ಎನ್ ಚಾನೆಲ್ ಗುಂಪೇ. ಸುಲಭವಾಗಿ ಸಿಗತ್ತೆ ಅಂತ ತಂದು ಹಾಕೋರಿದಾರೆ. ಅಂದಹಾಗೆ ಇಷ್ಟೆಲ್ಲಾ ಯಾಕೆ, 2016ರಲ್ಲಿ ಬಂದ ಸಿಇ-2ಡಬ್ಲ್ಯೂ ತಗೊಂಡ್ರೆ ಆಗಲ್ವಾ, ಅದೂ ಅನಲಾಗೇ, ಇನ್ನೂ ಹಳೇ ಸಿಇ-1 ಪೆಡಲ್ ಸೌಂಡ್ ಕೂಡ ಬರತ್ತೆ.

ಸ್ಟ್ರ್ಯಾಟ್_ಶಿವಮೊಗ್ಗ

ಅದು ಒಳ್ಳೇ ಪೆಡಲ್ಲೇ ಗುರು, ಇಲ್ಲ ಅನ್ನಲ್ಲ. ಆದ್ರೆ ಮಾವ ನುಡಿಸಿದ್ದು ಇದ್ರಲ್ಲಿ. ಅವ್ರಿಗೆ ಈಗ ಬೆರಳು ಸರಿಯಾಗಿ ಮಡಚೋಕೆ ಆಗಲ್ಲ, ನಾನು ನುಡಿಸ್ವಾಗ ಕೂತ್ಕೊಂಡು ಕೇಳ್ತಾರೆ, ಡೆಪ್ತ್ ಜಾಸ್ತಿ ಆಯ್ತು ಕಮ್ಮಿ ಮಾಡು ಅಂತ ಹೇಳ್ತಾರೆ. ಇದನ್ನೇ ಎಬ್ಬಿಸ್ಬೇಕು. 3101 ಹುಡುಕೋ ಮುಂಚೆ 3007 ಬದುಕಿದ್ಯಾ ಅಂತ ತಿಳ್ಕೊಳ್ಳೋಕೆ ದಾರಿ ಇದ್ಯಾ ಸರ್? ಎರಡೂ ಹೋಗಿದ್ರೆ ಖರ್ಚಿನ ಲೆಕ್ಕನೇ ಬೇರೆ ಆಗತ್ತೆ.

ಹಳೇರೇಡಿಯೊ_ಹುಬ್ಬಳ್ಳಿ

ಐತಿ. ಹೊರಗಿಂದ ಕ್ಲಾಕ್ ಕೊಟ್ಟು ನೋಡೋಣ. ಸಿಡಿ4047 ಅಂತ ಒಂದು ಚಿಪ್ ಸಿಗ್ತೈತಿ, ಎಲ್ಲಾ ಕಡೆ ಸಿಗ್ತೈತಿ, ಅಗ್ಗ. ಅದರಾಗ ಒಂದಕ್ಕೊಂದು ಉಲ್ಟಾ ಇರೂ ಎರಡು ಔಟ್‌ಪುಟ್ ಇರ್ತಾವ, ನಮಗ ಬೇಕಾದ್ದು ಅದ.

ಬ್ರೆಡ್‌ಬೋರ್ಡ್ ಮ್ಯಾಲೆ 4047 ಇಡ್ರಿ. ಪಿನ್ 4, 5, 6, 14 ಪ್ಲಸ್ 9ಕ್ಕ. ಪಿನ್ 7, 8, 9, 12 ಗ್ರೌಂಡಿಗೆ. ಪಿನ್ 1 ಮತ್ತ 3ರ ನಡುವ 470 ಪಿಕೋಫ್ಯಾರಡ್ ಕೆಪ್ಯಾಸಿಟರ್, ಪಿನ್ 2 ಮತ್ತ 3ರ ನಡುವ 10ಕೆ ರೆಸಿಸ್ಟರ್. ಪಿನ್ 10, 11ರಾಗ ಸುಮಾರು 48 ಕಿಲೋಹರ್ಟ್ಜ್ ಕ್ಲಾಕ್ ಬರ್ತೈತಿ. ಪೆಡಲಿನ ಬ್ಯಾಟರಿಯಿಂದನ ಕರೆಂಟ್ ತಗೋರಿ, ಬ್ಯಾರೆ ಸಪ್ಲೈ ಬ್ಯಾಡ.

ಬೋರ್ಡಿನಿಂದ ಸತ್ತ 3101 ತಗೀಬೇಕು, ಇಲ್ಲಂದ್ರ ಅದು ಕ್ಲಾಕ್ ಲೈನನ್ನ ಹಿಡ್ಕೊಂಡ ಇರ್ತೈತಿ. ತೆಗೆಯೂ ಮುಂಚೆ ಬ್ಯಾಟರಿ ಬಿಚ್ಚಿಟ್ಟು ಸುತ್ತಲಿನ ಪಾರ್ಟ್ ಎಲ್ಲಾ ಸರಿ ಐತಿ ಅಂತ ಮೀಟರಿಂದ ಖಾತ್ರಿ ಮಾಡ್ಕೋರಿ. ತೆಗಿಯುವಾಗ ಚಿಪ್ಪನ್ನ ಇಡಿಯಾಗಿ ಎಳಿಬ್ಯಾಡ್ರಿ. ಸಣ್ಣ ಕಟ್ಟರಿಂದ ಎಂಟೂ ಕಾಲು ಕತ್ತರಿಸಿ ದೇಹ ತೆಗೆದಿಡ್ರಿ, ಆಮ್ಯಾಲೆ ಒಂದೊಂದ ಕಾಲಿಗೆ ಬಿಸಿ ಮುಟ್ಟಿಸಿ ಚಿಮಟದಿಂದ ಎತ್ರಿ, ತೂತು ಪಂಪಿನಿಂದ ಸ್ವಚ್ಛ ಮಾಡ್ರಿ. ಆ ಜಾಗಕ್ಕ ಎಂಟು ಪಿನ್ ಸಾಕೆಟ್ ಹಾಕ್ರಿ. 4047ದ ಎರಡು ಕ್ಲಾಕನ್ನ ಸಾಕೆಟಿನ 2 ಮತ್ತ 4ಕ್ಕ ಕೊಡ್ರಿ. ಪಿನ್ 8ಕ್ಕ ವಿಜಿಜಿ ಬೇಕಲ್ಲ, ಅಲ್ಲಿಂದ ಗ್ರೌಂಡಿಗೆ 1ಕೆ, ಪ್ಲಸ್‌ಗೆ 15ಕೆ ಹಾಕಿದ್ರ 0.56 ವೋಲ್ಟ್ ಬರ್ತೈತಿ, ಸಾಕು.

ಲೆಕ್ಕ ಏನಂದ್ರ, ಸ್ಟೇಜ್ ಎಷ್ಟೈತೋ ಅದನ್ನ ಕ್ಲಾಕಿನ ಎರಡರಷ್ಟರಿಂದ ಭಾಗಿಸ್ಬೇಕು. 1024ನ್ನ 96 ಸಾವಿರದಿಂದ ಭಾಗಿಸಿದ್ರ ಹತ್ತೂವರಿ ಮಿಲಿಸೆಕೆಂಡ್ ಮ್ಯಾಲೆ ಸ್ವಲ್ಪ. ಕೋರಸ್ ಅಲೆ ಬರಂಗಿಲ್ಲ, ಯಾಕಂದ್ರ ಎಲ್‌ಎಫ್‌ಓ ಈ ಕ್ಲಾಕನ್ನ ಅಲ್ಲಾಡಸಂಗಿಲ್ಲ. ಆದ್ರ ಡ್ರೈ ಸೌಂಡಿನ ಜೋಡಿ ತಡವಾದ ಸೌಂಡ್ ಕೂಡಿ ಪೈಪಿನಾಗ ನುಡಿಸಿದಂಗ ಟೊಳ್ಳು ಸೌಂಡ್ ಬಂದ್ರ 3007 ಬದುಕೈತಿ ಅಂತ ತಿಳ್ಕೋರಿ. 3007 ಮುಟ್ಟೂ ಮುಂಚೆ ಕೈಯನ್ನ ಗ್ರೌಂಡ್ ಆದ ಲೋಹಕ್ಕ ಮುಟ್ಟಿಸ್ರಿ, ಒಣ ಹವಾದಾಗ ಮೈಯಾಗಿನ ಸ್ಟ್ಯಾಟಿಕ್ಕಿಗೂ ಹೋಗ್ತೈತಿ ಅದು.

ಫ್ರೀಮಾಂಟ್_ಕನ್ನಡಿಗ

ಫಾಲೋ ಮಾಡ್ತಾ ಇದೀನಿ. ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ, ಇಲ್ಲಿ ಹಳೇ ಪೆಡಲ್ ರಿಪೇರಿ ಮಾಡೋ ಒಬ್ರ ಹತ್ರ ಹಾಳಾದ ಬೋರ್ಡ್‌ಗಳಿಂದ ಬಿಚ್ಚಿಟ್ಟಿರೋ 3101 ಇದೆ, ಪೆಡಲಲ್ಲಿ ಹಾಕಿ ಟೆಸ್ಟ್ ಮಾಡೇ ಕೊಡ್ತಾರೆ. ಟೆಸ್ಟಲ್ಲಿ 3007 ಬದುಕಿದೆ ಅಂತಾದ್ರೆ ಹೇಳಿ, ಒಂದು ತಗೊಂಡಿಡ್ತೀನಿ, ಅಪ್ಪ ಅಮ್ಮ ಇಲ್ಲಿಗೆ ಬಂದಿದಾರೆ, ಮುಂದಿನ ತಿಂಗಳು ಸಾಗರಕ್ಕೆ ವಾಪಸ್ ಹೋಗ್ತಿದಾರೆ, ಅವ್ರ ಕೈಲಿ ಕೊಟ್ಟು ಕಳಿಸ್ತೀನಿ.

ಸ್ಟ್ರ್ಯಾಟ್_ಶಿವಮೊಗ್ಗ

ಬಂತು ಸರ್!! ಟೊಳ್ಳು ಸೌಂಡ್ ಬಂತು! ನೀವು ಹೇಳಿದ ಹಾಗೇ ಪೈಪಿನ ಒಳಗಿಂದ ಬಂದ ಹಾಗೆ, ಒಂದು ಕ್ಲಾಕ್ ವೈರ್ ಎಳೆದ್ರೆ ಹೋಗತ್ತೆ, ಮತ್ತೆ ಚುಚ್ಚಿದ್ರೆ ಬರತ್ತೆ. 3007ರ ಪಿನ್ 7, 8ರಲ್ಲೂ ಈಗ ವೋಲ್ಟೇಜ್ ಬಂದು ನಿಂತಿದೆ. ಮೊದ್ಲೇ ಆ ಅಂಗಡಿಯವ್ರ ಮಾತು ಕೇಳಿ ಎಲ್ಲಾ ಕೀಳಿಸಿದ್ರೆ ಒಳ್ಳೇ ಚಿಪ್ ಕಸಕ್ಕೆ ಹೋಗ್ತಿತ್ತು.

ಫ್ರೀಮಾಂಟ್ ಅಣ್ಣ, ದಯವಿಟ್ಟು ಒಂದು 3101 ತಗೊಳ್ಳಿ, ದುಡ್ಡು ಎಷ್ಟಾಗತ್ತೆ ಹೇಳಿ ಕಳಿಸ್ತೀನಿ. ಅಪ್ಪ ಅಮ್ಮ ಸಾಗರಕ್ಕೆ ಬಂದ್ಮೇಲೆ ನಾನೇ ಹೋಗಿ ಇಸ್ಕೊಳ್ತೀನಿ.

ಮಂಗಳೂರು_ಬೇಸ್

ತುಂಬಾ ಖುಷಿ ಆಯ್ತು. ಚಿಪ್ ಬರುವವರೆಗೆ ಜ್ಯಾಕುಗಳನ್ನೂ ಪಾಟ್‌ಗಳನ್ನೂ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ ಇಡಿ. ನಮ್ಮಲ್ಲಿ ಕಡಲ ಗಾಳಿಗೆ ಜ್ಯಾಕಿನ ಒಳಗೆ ಹಸಿರು ಹಿಡಿತದೆ, ಚಿಪ್ ಹಾಳು ಅಂತ ತಂದ ಪೆಡಲುಗಳಲ್ಲಿ ಎಷ್ಟೋ ಬರೀ ಜ್ಯಾಕ್ ಉಜ್ಜಿಯೇ ಸರಿಯಾದದ್ದು ಉಂಟು.

ಸ್ಟ್ರ್ಯಾಟ್_ಶಿವಮೊಗ್ಗ

ಅಪ್‌ಡೇಟ್. ಚಿಪ್ ಕೈಗೆ ಬಂತು, ಸಾಕೆಟ್‌ಗೆ ಹಾಕ್ದೆ. ಮೊದ್ಲು ಬ್ಯಾಟರಿ ಜೊತೆ ಸೀರೀಸಲ್ಲಿ 100 ಓಮ್ ರೆಸಿಸ್ಟರ್ ಇಟ್ಟು ಕರೆಂಟ್ ನೋಡ್ದೆ, ಹತ್ತು ಮಿಲಿಆಂಪ್ ಆಸುಪಾಸು, ಏನೂ ಬಿಸಿ ಆಗ್ಲಿಲ್ಲ. ಪಿನ್ 2 ಮತ್ತೆ 4 ಎರಡ್ರಲ್ಲೂ 4.4, ಪಿನ್ 8ರಲ್ಲಿ 0.6. ಕೋರಸ್ ಬಂತು. ಬಂತು ಅಂದ್ರೆ ಹಳೇ ಅಲೆ ಪೂರ್ತಿ ಬಂತು. ಒಂದೇ ತೊಂದ್ರೆ, ಜೋರಾಗಿ ಸ್ಟ್ರಮ್ ಮಾಡಿದ್ರೆ ಕೋರಸ್ ಸೌಂಡ್ ಮಾತ್ರ ಸ್ವಲ್ಪ ಹರಿದ ಹಾಗೆ ಕೇಳತ್ತೆ. ಮೆಲ್ಲಗೆ ನುಡಿಸಿದ್ರೆ ಕ್ಲೀನ್.

ಹಳೇರೇಡಿಯೊ_ಹುಬ್ಬಳ್ಳಿ

ಭಾಳ ಛಲೋ ಆತು ತಮ್ಮಾ. ಹರಿಯೂದು ಬಯಾಸ್, ಅಂದ್ರ 3007ದ ಇನ್‌ಪುಟ್ಟಿಗೆ ಕೊಡೂ ಡಿಸಿ ವೋಲ್ಟೇಜ್, ಸರಿ ಇಲ್ದಕ್ಕ ಇರ್ಬೇಕು. ಬೋರ್ಡ್ ಮ್ಯಾಲೆ ಸ್ಕ್ರೂಡ್ರೈವರಿಂದ ತಿರುವೂ ಟ್ರಿಮ್ಮರ್ ಐತಲ್ಲ, ಅದು ಈಗ ಎಲ್ಲೈತೋ ಅಲ್ಲಿ ಪೆನ್ಸಿಲಿಂದ ಗುರುತು ಮಾಡ್ರಿ. ಡೆಪ್ತ್ ಸೊನ್ನೆಗೆ ಇಳಿಸಿ, ಜೋರಾಗಿ ಸ್ಟ್ರಮ್ ಮಾಡ್ಕೋತ ಟ್ರಿಮ್ಮರ್ ಒಂದು ಕಡೆ ಮೆಲ್ಲಕ ತಿರುವ್ರಿ, ಹರಿಯೂದು ನಿಂತು ಕ್ಲೀನ್ ಆಗ್ತೈತಿ, ಇನ್ನೂ ತಿರುವಿದ್ರ ಮತ್ತ ಹರಿಯಾಕ ಶುರು ಆಗ್ತೈತಿ. ಆ ಎರಡೂ ತುದಿಗಳ ನಟ್ಟನಡುವ ಬಿಡ್ರಿ. ಸ್ಕೋಪ್ ಇದ್ದಾವ್ರು ಅಲೆಯ ಮ್ಯಾಲಿನ ತಲೆ ಕೆಳಗಿನ ತಲೆ ಸಮ ಕತ್ತರಿಸೂ ಹಂಗ ನೋಡಿ ಮಾಡ್ತಾರ, ಕಿವಿ ಇದ್ದ ಗಿಟಾರ್‌ವಾಲಾಗ ಅಷ್ಟ ಬರೋಬ್ಬರಿ ಬರ್ತೈತಿ. ಬ್ಯಾಟರಿ ಹೊಸದಿರ್ಲಿ, ಇಳಿದ ಬ್ಯಾಟರಿ ಮ್ಯಾಲೆ ಬಯಾಸ್ ಮಾಡಬ್ಯಾಡ್ರಿ.

ಸ್ಟ್ರ್ಯಾಟ್_ಶಿವಮೊಗ್ಗ

ಸರಿ ಹೋಯ್ತು ಸರ್, ಗುರುತಿಂದ ಒಂಚೂರು ಬಲಕ್ಕೆ ಬಂತು ಅಷ್ಟೇ. ಈಗ ಕೊನೇ ಪ್ರಶ್ನೆ, ಅಡಾಪ್ಟರ್ ಜ್ಯಾಕ್ ಹತ್ರ ಅಡ್ಡ ಹಾಕಿರೋ ಆ ಜಂಪರ್ ವೈರ್ ಏನ್ ಮಾಡ್ಲಿ? ತೆಗೆದ್ರೆ 9 ವೋಲ್ಟ್ ಪವರ್ ಬ್ರಿಕ್‌ಗೆ ಹಾಕ್ದಾಗ ಲೈಟ್ ಮಂಕು, ಸೌಂಡೂ ಬೇಗ ಹರಿಯತ್ತೆ ಅಂತಾರೆ. ಬಿಟ್ರೆ ಮತ್ತೆ ಯಾರಾದ್ರೂ ತಪ್ಪು ಅಡಾಪ್ಟರ್ ಹಾಕಿದ್ರೆ ನೇರ ಚಿಪ್‌ಗೆ ಹೋಗತ್ತೆ.

ಎಸ್ಪಿರೋಡ್_ಸುತ್ತಾಟ

ನನ್ ಪ್ರಕಾರ ಒರಿಜಿನಲ್ ಹೇಗಿತ್ತೋ ಹಾಗೇ ಮಾಡು. ನಿನ್ ಪೆಡಲ್‌ಬೋರ್ಡಲ್ಲಿ ಪಿಎಸ್‌ಎ (9 ವೋಲ್ಟ್ ಬಾಸ್ ಅಡಾಪ್ಟರ್) ಅಂತ ಬರ್ದಿರೋ ಬೇರೆ ಬಾಸ್ ಪೆಡಲ್ ಇದ್ರೆ ಅದ್ರ ಜೊತೆ ಒಂದೇ ಡೈಸಿ ಚೈನಲ್ಲಿ, ಅಂದ್ರೆ ಒಂದೇ ಅಡಾಪ್ಟರಿಂದ ಸಾಲಾಗಿ ಕರೆಂಟ್ ಕೊಡೋ ವೈರಲ್ಲಿ ಹಾಕು, ಪ್ಯಾಚ್ ಕೇಬಲ್ ಮೂಲಕ ಗ್ರೌಂಡ್ ಸೇರ್ಕೊಂಡು ಪೂರ್ತಿ 9 ಸಿಗತ್ತೆ.

ಹಳೇರೇಡಿಯೊ_ಹುಬ್ಬಳ್ಳಿ

ಅದು ಸರಿನ, ಆದ್ರ ಅವ್ರು ಪವರ್ ಬ್ರಿಕ್ಕಿನಾಗ ಒಂದೊಂದು ಔಟ್‌ಲೆಟ್ ಬ್ಯಾರೆ ಬ್ಯಾರೆ ಕೊಡಾವ್ರು, ಅಲ್ಲಿ ಈ ಡೈಸಿ ಚೈನ್ ಆಟ ನಡಿಯಂಗಿಲ್ಲ. ನನ್ನ ಅಭಿಪ್ರಾಯ, ಸ್ಟೇಜಿಗೆ ಹೋಗೂ ಪೆಡಲಿಗೆ ರಕ್ಷಣೆ ಬೇಕು. ಜಂಪರ್ ಇರ್ಲಿ. ಅಡಾಪ್ಟರಿನ ಪ್ಲಸ್ ಒಳಗ ಬರೂ ಕಡೆ 50 ಮಿಲಿಆಂಪಿನ ಪಾಲಿಫ್ಯೂಸ್ (ಆರಿದ ಮ್ಯಾಲೆ ತಾನ ಸರಿ ಆಗೂ ಫ್ಯೂಸ್) ಒಂದು ಸೀರೀಸ್ ಹಾಕ್ರಿ, ಅದರ ನಂತರ ಪ್ಲಸ್ ಗ್ರೌಂಡ್ ನಡುವ 12 ವೋಲ್ಟ್ 1 ವ್ಯಾಟ್ ಝೀನರ್ ಹಾಕ್ರಿ, ಪಟ್ಟಿ ಇರೂ ಕಡೆ ಪ್ಲಸ್‌ಗೆ. 9 ವೋಲ್ಟಿಗೆ ಝೀನರ್ ಸುಮ್ನ ಕುಂತಿರ್ತೈತಿ. 24 ಬಂದ್ರ ಅದು ಕರೆಂಟ್ ಎಳ್ಕೋತೈತಿ, ಫ್ಯೂಸ್ ಬಿಸಿಯಾಗಿ ದಾರಿ ಕಡೀತೈತಿ. ತೀರಾ ದೊಡ್ಡ ಅಡಾಪ್ಟರ್ ಬಂದ್ರ ಝೀನರ್ ಶಾರ್ಟ್ ಆಗಿ ಸಾಯ್ತೈತಿ, ಸಾಯ್ಲಿ, ಎರಡು ರೂಪಾಯಿ ಪಾರ್ಟ್, ಚಿಪ್ ಉಳೀತಾವ. ಎರಡೂ ಪಾರ್ಟನ್ನ ಬೋರ್ಡ್ ಕೊರೀದ ವೈರ್ ಮ್ಯಾಲೆ ಹಾಕಿ ಸ್ಲೀವ್ ಏರಿಸ್ರಿ, ನಾಳೆ ಬ್ಯಾಡ ಅಂದ್ರ ತಗಿಯಾಕ ಬರೂ ಹಂಗ. ಹಳೇ 12 ವೋಲ್ಟಿನ ಅಡಾಪ್ಟರ್ ಮಾತ್ರ ಇದಕ್ಕ ಇನ್ನ ಹಚ್ಚಬ್ಯಾಡ್ರಿ, ಲೋಡ್ ಕಡಿಮಿ ಇದ್ದಾಗ ಅದು 12ಕ್ಕಿಂತ ಭಾಳ ಮ್ಯಾಲೆ ಹೋಗ್ತೈತಿ. ಜ್ಯಾಕಿನ ಪಕ್ಕ 9 ವೋಲ್ಟ್ ಮಾತ್ರ ಅಂತ ದೊಡ್ಡದಾಗಿ ಬರ್ದು ಅಂಟಿಸ್ರಿ.

ಸ್ಟ್ರ್ಯಾಟ್_ಶಿವಮೊಗ್ಗ

ಹಾಗೇ ಮಾಡ್ದೆ ಸರ್. ಮಾವ ಬಂದು ಕೇಳಿದ್ರು. ರೇಟ್ ಕಮ್ಮಿ ಮಾಡು ಅಂದ್ರು.

ಮಂಗಳೂರು_ಬೇಸ್

ಇದೇ ಥ್ರೆಡ್ಡಿನಲ್ಲಿ ಕೇಳ್ತೇನೆ, ಬೇರೆ ಶುರು ಮಾಡುವುದು ಬೇಡ ಅಂತ. ನನ್ನ ಹತ್ರ ಬಾಸ್ ಡಿಎಂ-2 ಡಿಲೇ ಪೆಡಲ್ ಉಂಟು, ರಿಪೀಟ್ ಬರ್ತಾ ಇಲ್ಲ, ಡ್ರೈ ಮಾತ್ರ. ಅದರ ಎಂಎನ್3005 ಚಿಪ್ ಹೊಸದು ಎಕ್ಸ್‌ವೈವ್ ಕಂಪನಿಯವರು ಮಾಡ್ತಾರಲ್ಲ, ಅದನ್ನು ತರಿಸ್ಲಾ?

ಹಳೇರೇಡಿಯೊ_ಹುಬ್ಬಳ್ಳಿ

ತಡೀರಿ. ಡಿಎಂ-2ದಾಗ ಮೊದಲಿನವಕ್ಕ ಎಂಎನ್3005 ಇರ್ತಿತ್ತು, ಆಮ್ಯಾಲಿನವಕ್ಕ ಎಂಎನ್3205. ಎರಡೂ 4096 ಸ್ಟೇಜ್, ಆದ್ರ ಮ್ಯಾಲೆ ಹೇಳಿದ ಪಿ ಚಾನೆಲ್ ಎನ್ ಚಾನೆಲ್ ಕತಿನ ಇಲ್ಲೂ, 3005ಕ್ಕ 3101, 3205ಕ್ಕ 3102. ಡಿಲೇಯಾಗ ಕಂಪ್ಯಾಂಡರ್ (ಸೌಂಡನ್ನ ಒತ್ತಿ ಮತ್ತ ಹಿಗ್ಗಿಸೂ) ಚಿಪ್ ಒಂದು ಹೆಚ್ಚಿಗಿ ಇರ್ತೈತಿ, ಅದು ಹೋದ್ರೂ ರಿಪೀಟ್ ಬರಂಗಿಲ್ಲ. ಏನೂ ತರಿಸಬ್ಯಾಡ್ರಿ ಈಗ. ಹಿಂದಿನ ತಗಡು ಬಿಚ್ಚಿ, ಚಿಪ್ ಮ್ಯಾಲಿನ ನಂಬರ್ ಓದಾಕ ಬರೂ ಹಂಗ ಫೋಟೋ ಹಾಕ್ರಿ, ಜೋಡಿಗೆ ಎಲ್ಲಾ ಪಿನ್ನಿನ ವೋಲ್ಟೇಜ್.